ಮೂಳೆ ಟೊಳ್ಳಾದಾಗ ಸುಣ್ಣವೊಂದೇ ಸಾಲದು

ಅರವತ್ತು ದಾಟಿದ ಹೆಂಗಸೊಬ್ಬರು ಬಚ್ಚಲುಮನೆಯಲ್ಲಿ ಕಾಲು ಜಾರುತ್ತಾರೆ. ಬೀಳುವಾಗ ಅಂಗೈ ಊರುತ್ತಾರೆ. ಮಣಿಕಟ್ಟಿನ ಮೇಲೆ ಮೂಳೆ ಮುರಿಯುತ್ತದೆ. ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದು, ಮುರಿದ ತುದಿಗಳನ್ನು ಎಳೆದು ಕೂಡಿಸಿ, ಪ್ಲ್ಯಾಸ್ಟರ್ ಹಾಕಿ ಕಳಿಸುತ್ತಾರೆ. ಆರು ವಾರಕ್ಕೆ ಪ್ಲ್ಯಾಸ್ಟರ್ ಬಿಚ್ಚಿದಾಗ ಕೈಗೊಂದು ಕ್ಯಾಲ್ಸಿಯಂ ಮಾತ್ರೆಯ ಚೀಟಿ ಸಿಗುತ್ತದೆ. 'ಗ್ರಹಚಾರ, ಬಿದ್ದೆ, ಮುರೀತು' ಎಂದು ಎಲ್ಲರೂ ಆ ವಿಷಯವನ್ನು ಅಲ್ಲಿಗೇ ಬಿಡುತ್ತಾರೆ.

ಆದರೆ ಸ್ವಲ್ಪ ಯೋಚಿಸಿ. ಅದೇ ಬಚ್ಚಲಿನಲ್ಲಿ ಅವರ ಮೊಮ್ಮಗಳೂ ಎಷ್ಟೋ ಸಲ ಜಾರಿ ಬಿದ್ದಿರುತ್ತಾಳೆ. ಅವಳಿಗೆ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಿರುವುದಿಲ್ಲ. ನಿಂತ ಎತ್ತರದಿಂದ ಬಿದ್ದ ಮಾತ್ರಕ್ಕೆ ಮೂಳೆ ಮುರಿಯಬಾರದು. ಐವತ್ತು ದಾಟಿದವರಲ್ಲಿ ಹಾಗೆ ಮುರಿಯಿತೆಂದರೆ ತಪ್ಪು ಬಚ್ಚಲಿನ ನೆಲದ್ದು ಮಾತ್ರವಲ್ಲ, ಮೂಳೆಯ ಒಳಗೂ ಏನೋ ನಡೆದಿದೆ ಎಂದರ್ಥ. ಅದರ ಹೆಸರು ಆಸ್ಟಿಯೋಪೊರೋಸಿಸ್, ಅಂದರೆ ಟೊಳ್ಳು ಮೂಳೆ ರೋಗ. ಮಣಿಕಟ್ಟಿನ ಈ ಬಗೆಯ ಮುರಿತವನ್ನು ಐರ್ಲೆಂಡಿನ ಶಸ್ತ್ರವೈದ್ಯ ಅಬ್ರಹಾಂ ಕಾಲೆಸ್ 1814ರಲ್ಲೇ ವಿವರಿಸಿದ್ದ. ಎರಡು ಶತಮಾನ ಕಳೆದರೂ ನಾವು ಕೈಯನ್ನು ಸರಿಪಡಿಸುತ್ತೇವೆ, ಮೂಳೆಯನ್ನು ಮರೆಯುತ್ತೇವೆ.

ಎರಡು ರೋಗ, ಒಂದೇ ಹೆಸರು

ಮೊದಲಿಗೆ ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ಆಡುಮಾತಿನಲ್ಲಿ 'ಮೂಳೆ ಸವೆತ' ಎಂಬ ಮಾತು ಎರಡು ಬೇರೆ ಬೇರೆ ರೋಗಗಳಿಗೆ ಅಂಟಿಕೊಂಡುಬಿಟ್ಟಿದೆ. ಮೆಟ್ಟಿಲು ಹತ್ತುವಾಗ ಮಂಡಿ ನೋಯುವುದು, ಕೂತರೆ ಏಳಲಾಗದಿರುವುದು, ಮಂಡಿಯೊಳಗೆ ಕಟಕಟ ಸದ್ದು: ಇದು ಕೀಲಿನ ಸವೆತ. ಇಲ್ಲಿ ಸವೆಯುವುದು ಮೂಳೆಗಳ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ. ಇದಕ್ಕೆ ಕ್ಯಾಲ್ಸಿಯಂ ಮಾತ್ರೆ ನುಂಗಿ ಪ್ರಯೋಜನವಿಲ್ಲ. 'ಎರಡು ವರ್ಷದಿಂದ ಕ್ಯಾಲ್ಸಿಯಂ ತಗೋತಿದೀನಿ, ಮಂಡಿ ನೋವು ಹಾಗೇ ಇದೆ' ಎಂದು ದೂರುವವರು ನನ್ನ ಕ್ಲಿನಿಕ್ಕಿಗೆ ವಾರಕ್ಕೆ ನಾಲ್ಕು ಮಂದಿಯಾದರೂ ಬರುತ್ತಾರೆ. ಮಾತ್ರೆಯದೇನೂ ತಪ್ಪಿಲ್ಲ. ಅದನ್ನು ಬೇರೆಯವರ ಮನೆಯ ವಿಳಾಸಕ್ಕೆ ಕಳಿಸಲಾಗಿದೆ, ಅಷ್ಟೆ.

ಟೊಳ್ಳು ಮೂಳೆ ರೋಗದಲ್ಲಾದರೋ ನೋವೇ ಇರುವುದಿಲ್ಲ. ಮುರಿಯುವ ದಿನದವರೆಗೂ ಅದು ಸದ್ದು ಮಾಡುವುದಿಲ್ಲ. ಹಳೆಯ ಮನೆಯ ತೊಲೆಗೆ ಗೆದ್ದಲು ಹತ್ತಿದ್ದನ್ನು ನೀವು ನೋಡಿರಬಹುದು. ಹೊರಗಿನಿಂದ ಬಣ್ಣ, ಆಕಾರ ಎಲ್ಲ ಸರಿಯಾಗಿಯೇ ಇರುತ್ತದೆ. ಒಂದು ದಿನ ಮೇಲೆ ಯಾರೋ ಜೋರಾಗಿ ನಡೆದಾಗ ಕುಸಿಯುತ್ತದೆ. ಸಾಮಾನ್ಯ ಎಕ್ಸ್-ರೇಯಲ್ಲಿ ಮೂಳೆ ತೆಳುವಾದದ್ದು ಕಾಣಿಸಬೇಕಾದರೆ ಅದರ ಖನಿಜದಲ್ಲಿ ನೂರಕ್ಕೆ ಸುಮಾರು ಮೂವತ್ತು ಪಾಲು ಹೋಗಿರಬೇಕು. ಆದ್ದರಿಂದ 'ಎಕ್ಸ್-ರೇ ನಾರ್ಮಲ್' ಎಂಬ ಮಾತಿಗೆ ಇಲ್ಲಿ ಹೆಚ್ಚು ಬೆಲೆಯಿಲ್ಲ.

ಮೂಳೆಯೆಂದರೆ ಬರೀ ಸುಣ್ಣವಲ್ಲ

ಮೂಳೆಯನ್ನು ನಾವು ಕಲ್ಲಿನಂಥ ನಿರ್ಜೀವ ವಸ್ತು ಎಂದುಕೊಂಡಿರುತ್ತೇವೆ. ಅದು ಹಾಗಲ್ಲ. ತಾರಸಿ ಹಾಕುವಾಗ ಕಬ್ಬಿಣದ ಸರಳು ಕಟ್ಟಿ ಕಾಂಕ್ರೀಟು ಸುರಿಯುವುದನ್ನು ನೋಡಿದ್ದೀರಲ್ಲ, ಮೂಳೆಯ ರಚನೆಯೂ ಹಾಗೆಯೇ. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಸರಳುಗಳಿದ್ದಂತೆ. ಅವುಗಳ ನಡುವೆ ತುಂಬಿಕೊಂಡ ಕ್ಯಾಲ್ಸಿಯಂ ಮತ್ತು ರಂಜಕದ ಹರಳುಗಳು ಕಾಂಕ್ರೀಟಿದ್ದಂತೆ. ಮನೆಯಲ್ಲಿ ಮಾಂಸಾಹಾರ ಮಾಡುವವರು ಒಂದು ಪ್ರಯೋಗ ಮಾಡಬಹುದು. ಕೋಳಿಯ ಕಾಲಿನ ಮೂಳೆಯನ್ನು ತೊಳೆದು ಕೆಲವು ದಿನ ವಿನಿಗರ್‌ನಲ್ಲಿ ನೆನೆಸಿಡಿ. ಸುಣ್ಣವೆಲ್ಲ ಕರಗಿ ಮೂಳೆ ರಬ್ಬರಿನಂತೆ ಬಾಗುತ್ತದೆ. ಅಂಥದೇ ಇನ್ನೊಂದನ್ನು ಕೆಂಡದಲ್ಲಿ ಸುಟ್ಟರೆ ಪ್ರೋಟೀನು ಉರಿದುಹೋಗಿ, ಮುಟ್ಟಿದರೆ ಪುಡಿಯಾಗುತ್ತದೆ. ಗಡಸುತನ ಕೊಡುವುದು ಸುಣ್ಣ, ಮುರಿಯದಂತೆ ಹಿಡಿದಿಡುವುದು ಪ್ರೋಟೀನು. ಶಾಲೆಗೆ ಹೋಗುವ ಮಕ್ಕಳಿಗೆ ತೋರಿಸಲು ಇದು ಒಳ್ಳೆಯ ಪಾಠ.

ಈ ಕಟ್ಟಡದಲ್ಲಿ ದುರಸ್ತಿ ಕೆಲಸ ಎಂದೂ ನಿಲ್ಲುವುದಿಲ್ಲ. ಕೆಲವು ಜೀವಕೋಶಗಳು ಹಳೆಯ ಮೂಳೆಯನ್ನು ಅಲ್ಲಲ್ಲಿ ಕೆರೆದು ಗುಂಡಿ ಮಾಡುತ್ತವೆ. ಇನ್ನು ಕೆಲವು ಗಾರೆ ಕೆಲಸದವರಂತೆ ಹಿಂದೆಯೇ ಬಂದು ಗುಂಡಿ ತುಂಬುತ್ತವೆ. ಕೆರೆಯಲು ಸುಮಾರು ಮೂರು ವಾರ ಸಾಕು, ತುಂಬಲು ಮೂರು ನಾಲ್ಕು ತಿಂಗಳು ಬೇಕು. ಕೆಡವುವುದು ಬೇಗ, ಕಟ್ಟುವುದು ನಿಧಾನ. ಹೀಗೆ ವರ್ಷಕ್ಕೆ ನಮ್ಮ ಅಸ್ಥಿಪಂಜರದ ಹತ್ತನೇ ಒಂದು ಭಾಗದಷ್ಟು ಹೊಸದಾಗುತ್ತದೆ. ಮಕ್ಕಳಲ್ಲಿ ತುಂಬುವ ಕೆಲಸ ಮುಂದು, ಮೂವತ್ತರ ಆಸುಪಾಸಿನಲ್ಲಿ ಎರಡೂ ಸಮಸಮ, ಆಮೇಲೆ ಕೆರೆಯುವ ಕೆಲಸದ್ದೇ ಮೇಲುಗೈ. ಗುಂಡಿಗಳು ಪೂರ್ತಿ ತುಂಬದೆ ಉಳಿಯುತ್ತಾ ಹೋದರೆ ಒಳಗಿನ ಜೇನುಗೂಡಿನಂಥ ಜಾಲ ತೆಳುವಾಗಿ, ಅಲ್ಲಲ್ಲಿ ಎಳೆಗಳೇ ಕಡಿದುಹೋಗುತ್ತವೆ. ಬೆನ್ನುಮೂಳೆಯ ಮಣಿಗಳು, ತೊಡೆಮೂಳೆಯ ಕುತ್ತಿಗೆ, ಮಣಿಕಟ್ಟು: ಈ ಜೇನುಗೂಡಿನ ಅಂಶ ಹೆಚ್ಚಿರುವ ಜಾಗಗಳೇ ಮೊದಲು ಮುರಿಯುವುದು ಅದಕ್ಕಾಗಿ.

ಕ್ಯಾಲ್ಸಿಯಂ ಎಲ್ಲಿಂದ ಬರುತ್ತದೆ ಎಂಬುದನ್ನು ಈಗ ನೋಡೋಣ. ವಯಸ್ಕರ ಮೈಯಲ್ಲಿ ಒಂದು ಕಿಲೋದಷ್ಟು ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಮೂಳೆ, ಹಲ್ಲುಗಳಲ್ಲಿದೆ. ರಕ್ತದಲ್ಲಿ ಓಡಾಡುವುದು ಒಂದು ಗ್ರಾಮಿಗಿಂತಲೂ ಕಡಿಮೆ. ಆದರೆ ಹೃದಯ ಬಡಿಯಲು, ಸ್ನಾಯು ಸೆಟೆಯಲು, ನರಗಳು ಸಂದೇಶ ಸಾಗಿಸಲು ಈ ಚೂರು ಕ್ಯಾಲ್ಸಿಯಂ ಸರಿಯಾದ ಮಟ್ಟದಲ್ಲಿರಲೇಬೇಕು. ಅದನ್ನು ಕಾಯಲು ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಊಟದಿಂದ ಸಾಕಷ್ಟು ಬರದಿದ್ದರೆ ಅವು ಮೂಳೆಯ ಕಣಜಕ್ಕೆ ಕೈ ಹಾಕಿ ಅಲ್ಲಿಂದ ತೆಗೆದು ರಕ್ತಕ್ಕೆ ಹಾಕುತ್ತವೆ. ದಿನದಿನವೂ ಹೀಗೆ ತೆಗೆದರೆ ಕಣಜ ಬರಿದಾಗುವುದು ಸಹಜ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಕಣಜ ಬರಿದಾಗುತ್ತಿದ್ದರೂ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಕಾಣುತ್ತದೆ. ಅದನ್ನು ಸರಿಯಾಗಿ ಇಡಲೆಂದೇ ಅಲ್ಲವೇ ಕಣಜ ಬರಿದಾದದ್ದು! 'ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಿದೆ, ಹಾಗಾಗಿ ಮೂಳೆ ಗಟ್ಟಿಯಿದೆ' ಎಂಬ ಲೆಕ್ಕ ತಪ್ಪು.

ಹೆಂಗಸರಿಗೇ ಏಕೆ ಹೆಚ್ಚು?

ಮೂಳೆ ಕೆರೆಯುವ ಕೋಶಗಳಿಗೆ ಲಗಾಮು ಹಾಕುವುದು ಈಸ್ಟ್ರೋಜನ್ ಎಂಬ ಹಾರ್ಮೋನು. ಮುಟ್ಟು ನಿಂತಾಗ ಅದು ಇಳಿದುಹೋಗುತ್ತದೆ, ಲಗಾಮು ಸಡಿಲವಾಗುತ್ತದೆ. ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1940ರ ದಶಕದ ಆರಂಭದಲ್ಲಿ ಈ ಸಂಬಂಧವನ್ನು ಗುರುತಿಸಿದರು. ಬೆನ್ನುಮೂಳೆ ಕುಸಿದು ಬಂದ ಅವರ ರೋಗಿಗಳಲ್ಲಿ ಹೆಚ್ಚಿನವರು ಮುಟ್ಟು ನಿಂತ ಹೆಂಗಸರಾಗಿದ್ದರು. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲಿ ವರ್ಷಕ್ಕೆ ನೂರಕ್ಕೆ ಎರಡರಂತೆ ಮೂಳೆ ಕರಗುವುದುಂಟು.

ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ವಯಸ್ಸು ಸಾಮಾನ್ಯವಾಗಿ 46-47. ಪಾಶ್ಚಾತ್ಯ ಹೆಂಗಸರಿಗಿಂತ ನಾಲ್ಕೈದು ವರ್ಷ ಮೊದಲೇ. ಇದರ ಮೇಲೆ ಇನ್ನೊಂದು ಸಂಕಟವಿದೆ. ಬಿಳಿ ಹೋಗುತ್ತದೆ, ಹೊಟ್ಟೆ ನೋಯುತ್ತದೆ ಎಂಬ ಕಾರಣಕ್ಕೆ ಮೂವತ್ತೈದು ನಲವತ್ತರಲ್ಲೇ ಗರ್ಭಕೋಶ ತೆಗೆಸಿಕೊಳ್ಳುವವರು ನಮ್ಮ ಹಳ್ಳಿಗಳಲ್ಲಿ ಕಡಿಮೆಯಿಲ್ಲ. ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಆ ದಿನವೇ ಈಸ್ಟ್ರೋಜನ್ ನಿಲ್ಲುತ್ತದೆ. ಐವತ್ತಕ್ಕೆ ಶುರುವಾಗಬೇಕಾದ ಮೂಳೆ ನಷ್ಟ ಹದಿನೈದು ವರ್ಷ ಮೊದಲೇ ಶುರುವಾಗುತ್ತದೆ. ಇಂಥ ಆಪರೇಶನ್ನಿಗೆ ಒಪ್ಪುವ ಮುನ್ನ 'ಇದು ಬೇಕೇ ಬೇಕೆ? ಅಂಡಾಶಯ ಉಳಿಸಲು ಬರುತ್ತದೆಯೇ?' ಎಂದು ಕೇಳಿ. ಬೇಕಾದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಆಗಲೇ ತೆಗೆಸಿಕೊಂಡಿದ್ದರೆ ಮೂಳೆಯ ವಿಚಾರವನ್ನು ಈಗಲೇ ನಿಮ್ಮ ವೈದ್ಯರೊಂದಿಗೆ ಮಾತಾಡಿ.

ಗಂಡಸರಿಗೆ ಇದು ಬರುವುದೇ ಇಲ್ಲ ಎಂದಲ್ಲ. ಅವರ ಕಣಜ ಮೊದಲೇ ದೊಡ್ಡದು, ಬರಿದಾಗುವುದು ನಿಧಾನ. ಎಪ್ಪತ್ತು ದಾಟಿದ ಮೇಲೆ, ಅದಕ್ಕೂ ಮೊದಲೇ ಬೀಡಿ-ಸಿಗರೇಟು, ಮದ್ಯದ ಚಟವಿದ್ದರೆ ಅವರಿಗೂ ಬರುತ್ತದೆ.

ಸ್ಟೀರಾಯ್ಡ್ ಔಷಧಗಳು ಇನ್ನೊಂದು ದೊಡ್ಡ ಕಾರಣ. ಉಬ್ಬಸಕ್ಕೆ, ಸಂಧಿವಾತಕ್ಕೆ, ಚರ್ಮರೋಗಕ್ಕೆ ಪ್ರೆಡ್ನಿಸೋಲೋನ್‌ನಂಥ ಮಾತ್ರೆಗಳನ್ನು ಮೂರು ತಿಂಗಳಿಗಿಂತ ಹೆಚ್ಚು ತೆಗೆದುಕೊಳ್ಳುವವರ ಮೂಳೆ ವೇಗವಾಗಿ ತೆಳುವಾಗುತ್ತದೆ. ವೈದ್ಯರು ಬರೆದದ್ದನ್ನು ತಟ್ಟನೆ ನಿಲ್ಲಿಸಬೇಡಿ, ಅದು ಪ್ರಾಣಕ್ಕೇ ಅಪಾಯ. ಮೂಳೆಯ ರಕ್ಷಣೆಗೆ ಏನು ಮಾಡಬೇಕೆಂದು ಅವರನ್ನೇ ಕೇಳಿ. ನನಗೆ ಹೆಚ್ಚು ಭಯವಿರುವುದು ಹೆಸರಿಲ್ಲದ ಪುಡಿ, ಪೊಟ್ಟಣಗಳ ಬಗ್ಗೆ. 'ಎರಡೇ ದಿನದಲ್ಲಿ ಮಂಡಿ ನೋವು ಮಾಯ' ಎಂದು ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಮಾರುವ ಇಂಥ ಪುಡಿಗಳಲ್ಲಿ ಎಷ್ಟೋ ವೇಳೆ ಬೆರೆತಿರುವುದು ಸ್ಟೀರಾಯ್ಡೇ. ನೋವು ಹೋಗುತ್ತದೆ, ಮುಖ ಊದಿಕೊಳ್ಳುತ್ತದೆ, ಎರಡು ವರ್ಷದಲ್ಲಿ ಬೆನ್ನುಮೂಳೆ ಕುಸಿಯುತ್ತದೆ.

ಕ್ಯಾಲ್ಸಿಯಂ ಎಷ್ಟು ಕೆಲಸ ಮಾಡುತ್ತದೆ?

ಹಾಗಾದರೆ ಕ್ಯಾಲ್ಸಿಯಂ ತಿಂದರೆ ಮೂಳೆ ಮತ್ತೆ ಗಟ್ಟಿಯಾಗುವುದಿಲ್ಲವೇ? ಇದಕ್ಕೆ ಉತ್ತರ ಕೊಡುವ ಎರಡು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಫ್ರಾನ್ಸಿನಲ್ಲಿ ವೃದ್ಧರ ವಸತಿಗೃಹಗಳಲ್ಲಿದ್ದ 3,270 ಹಿರಿಯ ಹೆಂಗಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1992ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 84. ಊಟದಲ್ಲಿ ದಿನಕ್ಕೆ ಸಿಗುತ್ತಿದ್ದ ಕ್ಯಾಲ್ಸಿಯಂ 500 ಮಿಲಿಗ್ರಾಂ ಆಸುಪಾಸು, ಬಿಸಿಲು ಕಾಣುತ್ತಿದ್ದದ್ದೂ ಅಪರೂಪ. ಅರ್ಧ ಮಂದಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 800 ಯೂನಿಟ್ ಜೀವಸತ್ವ 'ಡಿ' ಕೊಟ್ಟರು. ಹದಿನೆಂಟು ತಿಂಗಳು ಅದನ್ನು ಪೂರ್ತಿ ತೆಗೆದುಕೊಂಡವರಲ್ಲಿ ತೊಡೆಮೂಳೆ ಕುತ್ತಿಗೆಯ ಮುರಿತ ನೂರಕ್ಕೆ 43ರಷ್ಟು ಕಡಿಮೆಯಾಗಿತ್ತು.

2006ರಲ್ಲಿ ಅಮೆರಿಕದಿಂದ ಇನ್ನೊಂದು ವರದಿ ಬಂತು. ಅದರಲ್ಲಿ 50ರಿಂದ 79 ವರ್ಷದ 36,282 ಹೆಂಗಸರಿದ್ದರು. ಅರ್ಧ ಮಂದಿಗೆ ಸರಾಸರಿ ಏಳು ವರ್ಷ 1,000 ಮಿಲಿಗ್ರಾಂ ಕ್ಯಾಲ್ಸಿಯಂ, 400 ಯೂನಿಟ್ ಜೀವಸತ್ವ 'ಡಿ' ಕೊಡಲಾಗಿತ್ತು. ಮೂಳೆಯ ಸಾಂದ್ರತೆ ನೂರಕ್ಕೆ ಒಂದರಷ್ಟು ಹೆಚ್ಚಿತು. ಒಟ್ಟು ಗುಂಪಿನಲ್ಲಿ ಮುರಿತ ಮಾತ್ರ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಮೂತ್ರಪಿಂಡದ ಕಲ್ಲು ನೂರಕ್ಕೆ 17ರಷ್ಟು ಹೆಚ್ಚಾಯಿತು.

ಒಂದು ಅಧ್ಯಯನ ಹೌದು ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ ಎಂದು ಗಾಬರಿಯಾಗಬೇಡಿ. ಅಮೆರಿಕದ ಹೆಂಗಸರು ಮೊದಲಿನಿಂದಲೇ ದಿನಕ್ಕೆ 1,000 ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಂ ಸೇವಿಸುತ್ತಿದ್ದವರು. ತುಂಬಿದ ಕೊಡಕ್ಕೆ ನೀರು ಹೊಯ್ದರೆ ಚೆಲ್ಲುತ್ತದೆ. ಫ್ರಾನ್ಸಿನ ಅಜ್ಜಿಯರ ಕೊಡ ಅರ್ಧ ಖಾಲಿಯಿತ್ತು. ಕ್ಯಾಲ್ಸಿಯಂ ಮಾಡುವುದು ಕೊರತೆ ತುಂಬುವ ಕೆಲಸವನ್ನು. ಇಟ್ಟಿಗೆ ಇಲ್ಲದೆ ಗೋಡೆ ಏಳುವುದಿಲ್ಲ, ನಿಜ. ಆದರೆ ಗಾರೆಯವನೇ ಕೆಲಸ ಬಿಟ್ಟು ಹೋಗಿರುವ ಮನೆ ಮುಂದೆ ಇಟ್ಟಿಗೆ ರಾಶಿ ಹಾಕಿದರೂ ಗೋಡೆ ಏಳುವುದಿಲ್ಲ.

ನಮ್ಮ ತಟ್ಟೆಯಲ್ಲಿ ಎಷ್ಟಿದೆ?

ನಮ್ಮ ಮನೆಗಳ ಕೊಡ ತುಂಬಿದೆಯೇ? ಹೆಚ್ಚಿನವರದು ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಬೇಕು, ಮುಟ್ಟು ನಿಂತವರಿಗೆ ಮತ್ತು ಹಾಲೂಡಿಸುವ ತಾಯಂದಿರಿಗೆ 1,200. ಈಗ ಒಂದು ಸಾಧಾರಣ ದಿನದ ಊಟವನ್ನು ಲೆಕ್ಕ ಹಾಕಿ. ಎರಡು ಹೊತ್ತು ಅನ್ನ-ಸಾರು, ಬೆಳಗ್ಗೆ ಇಡ್ಲಿ, ಎರಡು ಲೋಟ ಕಾಫಿಗೆ ಬೆರೆಸಿದ ಹಾಲು, ಕೊನೆಗೆ ನೀರುಮಜ್ಜಿಗೆ. ಅಕ್ಕಿಯಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬೇಕು, 100 ಗ್ರಾಮಿಗೆ ಹತ್ತು ಮಿಲಿಗ್ರಾಂ ಬಂದರೆ ಹೆಚ್ಚು. ಎಲ್ಲ ಕೂಡಿದರೂ ಮುನ್ನೂರು ದಾಟುವುದು ಕಷ್ಟ.

ಇದೇ ತಟ್ಟೆಗೆ ಒಂದು ರಾಗಿಮುದ್ದೆ ಬರಲಿ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಇದೆ, ಅಕ್ಕಿಯ ಮೂವತ್ತು ಪಟ್ಟಿಗೂ ಹೆಚ್ಚು. ಜೊತೆಗೆ ಹುರುಳಿ ಸಾರು ಅಥವಾ ನುಗ್ಗೆಸೊಪ್ಪಿನ ಪಲ್ಯ, ಒಂದು ಚಮಚ ಎಳ್ಳಿನ ಪುಡಿ, ದಿನದಲ್ಲಿ ಒಂದು ದೊಡ್ಡ ಲೋಟ ಹಾಲು ಮತ್ತು ಒಂದು ಬಟ್ಟಲು ಗಟ್ಟಿ ಮೊಸರು. ಲೆಕ್ಕ ಸಾವಿರದ ಹತ್ತಿರ ಬಂದುಬಿಡುತ್ತದೆ. ಬಯಲುಸೀಮೆಯ ಬಡ ಒಕ್ಕಲಿನ ಊಟವನ್ನು ಹೀಯಾಳಿಸಿ, ಪಾಲಿಷ್ ಮಾಡಿದ ಬಿಳಿ ಅಕ್ಕಿಯ ಅನ್ನವನ್ನು ಅಂತಸ್ತಿನ ಗುರುತು ಮಾಡಿಕೊಂಡೆವು. ಈಗ ಅದೇ ರಾಗಿಯನ್ನು ಬಣ್ಣದ ಪೊಟ್ಟಣದಲ್ಲಿ ಬಿಸ್ಕತ್ತು ಮಾಡಿ ದುಬಾರಿ ಬೆಲೆಗೆ ಕೊಳ್ಳುತ್ತೇವೆ.

ರಾಗಿಯ ಕ್ಯಾಲ್ಸಿಯಂ ಬಹುಪಾಲು ಇರುವುದು ಕಾಳಿನ ಸಿಪ್ಪೆಯಲ್ಲಿ. ಹಿಟ್ಟನ್ನು ಜರಡಿ ಹಿಡಿದು ತೌಡು ಬಿಸಾಡಿದರೆ ಅದೂ ಹೋಗುತ್ತದೆ. ಮೊಳಕೆ ಬರಿಸಿ ಅಥವಾ ಅಂಬಲಿಯಂತೆ ಹುಳಿಸಿ ಬಳಸಿದರೆ, ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಅಂಶ ಕಡಿಮೆಯಾಗಿ ಮೈಗೆ ಹೆಚ್ಚು ಹತ್ತುತ್ತದೆ. ಪಾಲಕ್, ದಂಟಿನಂಥ ಸೊಪ್ಪುಗಳಲ್ಲಿ ಆಕ್ಸಲೇಟ್ ಹೆಚ್ಚಿರುವುದರಿಂದ ಅವುಗಳ ಕ್ಯಾಲ್ಸಿಯಂ ಅಷ್ಟಾಗಿ ದಕ್ಕುವುದಿಲ್ಲ. ಬೇರೆ ಗುಣಗಳಿಗಾಗಿ ತಿನ್ನಿ, ಕ್ಯಾಲ್ಸಿಯಂ ಲೆಕ್ಕಕ್ಕೆ ನುಗ್ಗೆ, ಮೆಂತ್ಯದ ಸೊಪ್ಪು ಇರಲಿ. ಕರಾವಳಿಯವರು ಬೂತಾಯಿಯಂಥ ಸಣ್ಣ ಮೀನನ್ನು ಮೆತ್ತಗೆ ಬೇಯಿಸಿ ಮುಳ್ಳಿನ ಸಮೇತ ತಿಂದರೆ ಒಳ್ಳೆಯ ಕ್ಯಾಲ್ಸಿಯಂ ಸಿಗುತ್ತದೆ. ಮೂಳೆ ಮುರಿದವರಿಗೆ ಕೊಡುವ ಕಾಲು ಸೂಪಿನಲ್ಲಿ ಮಾತ್ರ ನಾವು ಅಂದುಕೊಂಡಷ್ಟು ಕ್ಯಾಲ್ಸಿಯಂ ಇಲ್ಲ. ಮೂಳೆಯ ಸುಣ್ಣ ನೀರಿನಲ್ಲಿ ಕುದಿಸಿದರೆ ಕರಗುವಂಥದಲ್ಲ. ಬಾಯಿಗೆ ರುಚಿ ಎಂದು ಕುಡಿಯಲು ಅಡ್ಡಿಯಿಲ್ಲ.

ಎಲೆ-ಅಡಿಕೆಗೆ ಸುಣ್ಣ ಹಚ್ಚುತ್ತೇವಲ್ಲ, ಅದು ಸಾಲದೇ ಎಂದು ಕೇಳುವ ಅಜ್ಜಿಯರಿದ್ದಾರೆ. ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ಸುಳ್ಳಲ್ಲ. ಆದರೆ ಅಡಿಕೆಯೇ ಬಾಯಿ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ. ಹೊಗೆಸೊಪ್ಪು ಸೇರಿದರಂತೂ ಕೇಳಲೇಬೇಡಿ. ಮೂಳೆ ಉಳಿಸಲು ಹೋಗಿ ದವಡೆ ಕಳೆದುಕೊಳ್ಳುವುದು ಬೇಡ.

ಕಲ್ಲಾಗುತ್ತದೆಂದು ಹಾಲು, ಮೊಸರು ಬಿಟ್ಟವರೂ ಇದ್ದಾರೆ. ಊಟದ ಜೊತೆಗಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಕಟ್ಟಿಹಾಕುವುದರಿಂದ ಕಲ್ಲಿನ ಸಂಭವ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಉಪ್ಪು ಹೆಚ್ಚಾದರೆ ಮಾತ್ರ ಮೂತ್ರದಲ್ಲಿ ಕ್ಯಾಲ್ಸಿಯಂ ಸೋರಿಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳದ ಮೇಲೆ ಕೈ ಹಿಡಿತದಲ್ಲಿರಲಿ.

ಊಟದಿಂದ ಸಾಲದಷ್ಟನ್ನು ಮಾತ್ರೆಯಿಂದ ತುಂಬಿಕೊಳ್ಳಬಹುದು. ಪಟ್ಟಿಯ ಹಿಂದೆ ಬರೆದದ್ದನ್ನು ಓದಿ. 'ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ' ಎಂದಿದ್ದರೆ ಅದರಲ್ಲಿರುವ ನಿಜವಾದ ಕ್ಯಾಲ್ಸಿಯಂ 500 ಮಾತ್ರ. ಒಂದು ಸಲಕ್ಕೆ ಅದಕ್ಕಿಂತ ಹೆಚ್ಚು ನುಂಗಿದರೆ ಮೈಗೆ ಹತ್ತುವ ಪಾಲು ಇಳಿಯುತ್ತದೆ. ಕಾರ್ಬೊನೇಟನ್ನು ಊಟದ ಜೊತೆಗೇ ತೆಗೆದುಕೊಳ್ಳಬೇಕು. ಕಬ್ಬಿಣಾಂಶದ ಮಾತ್ರೆಯ ಜೊತೆ ಬೇಡ, ಒಂದು ಇನ್ನೊಂದನ್ನು ತಡೆಯುತ್ತದೆ. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಎರಡನ್ನೂ ಕೊಡುತ್ತಾರೆ. ಬೇರೆ ಬೇರೆ ಹೊತ್ತಿಗೆ ನುಂಗಬೇಕೆಂಬುದನ್ನು ಮರೆಯಬಾರದು. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಮ್ಮಿಗೂ ನಾಲ್ಕು ಗಂಟೆ ಅಂತರವಿರಲಿ.

ಬಿಸಿಲು ಮತ್ತು ಭಾರ

ಕರುಳು ಕ್ಯಾಲ್ಸಿಯಮ್ಮನ್ನು ಒಳಗೆ ಬಿಟ್ಟುಕೊಳ್ಳಲು ಜೀವಸತ್ವ 'ಡಿ' ಬೇಕು. ಅದು ಚರ್ಮಕ್ಕೆ ಬಿಸಿಲು ತಾಗಿದಾಗ ತಯಾರಾಗುತ್ತದೆ. ಇಷ್ಟು ಬಿಸಿಲಿರುವ ನಾಡಿನಲ್ಲೂ ಅದರ ಕೊರತೆ ವ್ಯಾಪಕವಾಗಿದೆ, ಯಾಕೆಂದರೆ ನಾವು ಬಿಸಿಲಿಗೆ ಬರುವುದೇ ಇಲ್ಲ. ಎಳೆ ಬಿಸಿಲು ಒಳ್ಳೆಯದು ಎಂಬ ನಂಬಿಕೆ ಈ ವಿಷಯದಲ್ಲಿ ಸರಿಯಲ್ಲ. 'ಡಿ' ತಯಾರಿಸುವ ಕಿರಣಗಳು ಮುಂಜಾನೆ ತೀರಾ ಕಡಿಮೆ, ಬೆಳಗ್ಗೆ ಹತ್ತು ಹನ್ನೊಂದರಿಂದ ಮಧ್ಯಾಹ್ನ ಎರಡು ಮೂರರವರೆಗೆ ಹೆಚ್ಚು. ಕೈ, ಮುಖ, ಕಾಲಿಗೆ ಇಪ್ಪತ್ತು ಮೂವತ್ತು ನಿಮಿಷ ಈ ಬಿಸಿಲು ತಾಗಿದರೆ ಒಳ್ಳೆಯದು. ಕಿಟಕಿ ಗಾಜಿನ ಹಿಂದೆ ಕೂತರೆ ಫಲವಿಲ್ಲ. ಮಾತ್ರೆ ಬೇಕಾದವರಿಗೆ 60,000 ಯೂನಿಟ್‌ನ ಪುಡಿಯನ್ನೋ ಗುಳಿಗೆಯನ್ನೋ ವಾರಕ್ಕೊಂದರಂತೆ ಕೆಲವು ವಾರ ಕೊಡುವುದುಂಟು. ಅದನ್ನು ಟಾನಿಕ್ಕೆಂದುಕೊಂಡು ದಿನಾ ನುಂಗಿ, ವಾಂತಿ, ಮಲಬದ್ಧತೆಯಿಂದ ಶುರುವಾಗಿ ಮೂತ್ರಪಿಂಡ ಕೆಡಿಸಿಕೊಂಡವರಿದ್ದಾರೆ. ವಾರಕ್ಕೊಂದು ಎಂದರೆ ವಾರಕ್ಕೊಂದೇ.

ಗಾರೆಯವನನ್ನು ಕೆಲಸಕ್ಕೆ ಎಬ್ಬಿಸುವುದು ಭಾರ. ಭಾರ ಬಿದ್ದ ಮೂಳೆ ಗಟ್ಟಿಯಾಗುತ್ತದೆ, ಭಾರವಿಲ್ಲದ ಮೂಳೆ ಕರಗುತ್ತದೆ. ಜರ್ಮನಿಯ ಯೂಲಿಯುಸ್ ವೋಲ್ಫ್ ಈ ನಿಯಮವನ್ನು 1892ರಲ್ಲೇ ಬರೆದಿಟ್ಟ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟ, ತೊಡೆಯ ಮೂಳೆ ತಿಂಗಳಿಗೆ ನೂರಕ್ಕೆ ಒಂದಕ್ಕೂ ಹೆಚ್ಚು ಪಾಲು ಕರಗುತ್ತದೆ. ನೀರು ಸೇದಿ, ಕಾಳು ಬೀಸಿ, ಹೊರೆ ಹೊತ್ತ ಕಾಲ ಹೋಯಿತು, ಅದು ಮತ್ತೆ ಬರಲೆಂದು ನಾನು ಹಾರೈಸುವುದಿಲ್ಲ. ಆದರೆ ಬಿರುಸಾದ ನಡಿಗೆ, ಮೆಟ್ಟಿಲು ಹತ್ತುವುದು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು ಎಲ್ಲರಿಗೂ ಸಾಧ್ಯ. ಬೆಳೆಯುವ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಕುಣಿದು ಜಿಗಿದು ಆಡಬೇಕು. ಕಣಜ ತುಂಬುವುದು ಆಗಲೇ.

ಮೂಳೆ ಈಗಾಗಲೇ ಟೊಳ್ಳಾಗಿರುವವರು ಬೆನ್ನನ್ನು ಮುಂದಕ್ಕೆ ಬಗ್ಗಿಸುವ ಪಶ್ಚಿಮೋತ್ತಾನಾಸನ, ಪಾದಹಸ್ತಾಸನದಂಥವನ್ನು ಮಾಡಬಾರದು. ಬಗ್ಗಿ ತುಂಬಿದ ಬಕೆಟ್ ಎತ್ತಲೂಬಾರದು. ಬೆನ್ನುಮೂಳೆಯ ಮಣಿಯ ಮುಂಭಾಗ ಒತ್ತಿ ಕುಸಿಯುವುದು ಈ ಭಂಗಿಯಲ್ಲೇ.

ಯಾರು ಪರೀಕ್ಷೆ ಮಾಡಿಸಬೇಕು?

ಬೆನ್ನುಮೂಳೆಯ ಮುರಿತದಲ್ಲಿ ಎಷ್ಟೋ ಮಂದಿಗೆ ಮುರಿದದ್ದೇ ಗೊತ್ತಾಗುವುದಿಲ್ಲ. 'ಅಮ್ಮ ಯಾಕೋ ಗಿಡ್ಡ ಆಗ್ತಿದಾರೆ', 'ಬೆನ್ನು ಗೂನಾಗ್ತಿದೆ', 'ಮೇಲಿನ ಕಪಾಟು ಕೈಗೆಟುಕ್ತಿಲ್ಲ': ಮನೆಯವರು ನಕ್ಕು ಬಿಡುವ ಈ ಮಾತುಗಳೇ ಸುಳಿವು. ವಯಸ್ಸಿನಲ್ಲಿದ್ದ ಎತ್ತರಕ್ಕಿಂತ ಒಂದೂವರೆ ಅಂಗುಲ ಕಡಿಮೆಯಾಗಿದ್ದರೆ ಬೆನ್ನಿನ ಎಕ್ಸ್-ರೇ ತೆಗೆಸಬೇಕು.

ಮೂಳೆಯ ಸಾಂದ್ರತೆ ಅಳೆಯುವ ಸರಿಯಾದ ಪರೀಕ್ಷೆ ಡೆಕ್ಸಾ. ಸೊಂಟ ಮತ್ತು ಬೆನ್ನಿನ ಮೂಳೆಗಳನ್ನು ಅಳೆದು ಟಿ-ಅಂಕ ಕೊಡುತ್ತಾರೆ. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆಯಿತು. ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರಕ್ಕೆ ಇಟ್ಟು ಎರಡು ನಿಮಿಷದಲ್ಲಿ ಕೊಡುವ ಚೀಟಿಯಿಂದ ರೋಗ ನಿರ್ಧರಿಸಲು ಬರುವುದಿಲ್ಲ. ಇಂಥ ಶಿಬಿರಗಳ ಪಕ್ಕದಲ್ಲೇ ಮಾತ್ರೆ ಮಾರುವ ಮೇಜೂ ಇರುವುದನ್ನು ನೀವು ಗಮನಿಸಿರಬಹುದು. 65 ದಾಟಿದ ಹೆಂಗಸರು, ಬೇಗ ಮುಟ್ಟು ನಿಂತವರು, ಸ್ಟೀರಾಯ್ಡ್ ಸೇವಿಸುವವರು, ತಂದೆ-ತಾಯಿಗೆ ಸೊಂಟದ ಬಳಿ ಮೂಳೆ ಮುರಿದಿದ್ದವರು ಡೆಕ್ಸಾ ಮಾಡಿಸುವುದು ಒಳ್ಳೆಯದು. ಸಣ್ಣ ಬೀಳುವಿಕೆಗೇ ಸೊಂಟದ ಬಳಿ ಅಥವಾ ಬೆನ್ನಿನ ಮೂಳೆ ಮುರಿದಿದ್ದರೆ, ಅಂಕ ಏನೇ ಹೇಳಲಿ, ಚಿಕಿತ್ಸೆ ಬೇಕು.

ಮಣಿಕಟ್ಟು ಮುರಿದದ್ದು ಹೆಚ್ಚಿನವರಿಗೆ ಮೊದಲ ನೋಟೀಸು. ಅದನ್ನು ಲೆಕ್ಕಿಸದೆ ಬಿಟ್ಟರೆ ಕೆಲವು ವರ್ಷಗಳ ನಂತರ ಬರುವುದು ತೊಡೆಮೂಳೆ ಕುತ್ತಿಗೆಯ ಮುರಿತ. ಆಪರೇಶನ್, ಹಾಸಿಗೆ, ಬೆನ್ನಿನ ಹುಣ್ಣು, ನ್ಯುಮೋನಿಯ. ಹೀಗೆ ಮುರಿದುಕೊಂಡ ವೃದ್ಧರಲ್ಲಿ ಐವರಿಗೆ ಒಬ್ಬರು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಅನೇಕರು ಮೊದಲಿನಂತೆ ನಡೆಯುವುದಿಲ್ಲ. ಆದ್ದರಿಂದ ಪ್ಲ್ಯಾಸ್ಟರ್ ಬಿಚ್ಚುವ ದಿನ ವೈದ್ಯರನ್ನು ನೇರವಾಗಿ ಕೇಳಿ: 'ಮೂಳೆ ಟೊಳ್ಳಾಗಿದೆಯೇ? ಅದಕ್ಕೆ ಔಷಧ ಬೇಕೇ?'

ಔಷಧಗಳಿವೆ. ಕೆರೆಯುವ ಕೋಶಗಳನ್ನು ತಡೆಯುವ ಅಲೆಂಡ್ರೊನೇಟ್ ವಾರಕ್ಕೊಂದು ಮಾತ್ರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ, ಮಲಗದೆ ಕೂತು ಅಥವಾ ನಿಂತಿರಬೇಕು. ಕಾಫಿಯ ಜೊತೆ ನುಂಗಿ ಮತ್ತೆ ಮಲಗಿದರೆ ಔಷಧ ಹತ್ತುವುದಿಲ್ಲ, ಅನ್ನನಾಳದಲ್ಲಿ ಹುಣ್ಣಾಗುತ್ತದೆ. ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಜೊಲೆಡ್ರೊನಿಕ್ ಆಮ್ಲ, ತೀವ್ರವಾಗಿ ಕುಸಿದ ಮೂಳೆಗೆ ದಿನಾ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್ ಕೂಡ ಇವೆ. ಇವನ್ನು ಶುರುಮಾಡುವ ಮುನ್ನ ಮೂತ್ರಪಿಂಡದ ಸ್ಥಿತಿ, ಜೀವಸತ್ವ 'ಡಿ' ಮಟ್ಟ ನೋಡಬೇಕು. ಹಲ್ಲು ಕೀಳಿಸುವುದಿದ್ದರೆ ಮೊದಲೇ ಮುಗಿಸಿಕೊಳ್ಳಿ. ಔಷಧ ನಡೆಯುವಾಗ ಹಲ್ಲಿನ ವೈದ್ಯರಲ್ಲಿಗೆ ಹೋದರೆ ಈ ಔಷಧದ ಹೆಸರು ಹೇಳಿ. ದವಡೆಯ ಮೂಳೆಗೆ ತೊಂದರೆಯಾಗುವುದು ಅಪರೂಪ, ಆದರೂ ಅವರಿಗೆ ಗೊತ್ತಿರಬೇಕು. ಮಾತ್ರೆಯನ್ನು ಕೆಲವು ವರ್ಷಗಳ ನಂತರ ವೈದ್ಯರು ಪರಿಶೀಲಿಸಿ ನಿಲ್ಲಿಸುವುದುಂಟು. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಚುಚ್ಚುಮದ್ದಿನ ವಿಷಯ ಬೇರೆ. 'ಈಗ ಚೆನ್ನಾಗಿದೀನಲ್ಲ' ಎಂದು ಅದನ್ನು ತಪ್ಪಿಸಿದರೆ ತಡೆದಿಟ್ಟ ನಷ್ಟವೆಲ್ಲ ಒಮ್ಮೆಲೇ ನುಗ್ಗಿ, ಬೆನ್ನಿನ ಮಣಿಗಳು ಸಾಲಾಗಿ ಕುಸಿಯಬಹುದು. ಮುಂದಿನ ಚುಚ್ಚುಮದ್ದಿನ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಡಿ.

ಇನ್ನು ಮನೆಯ ಕಡೆ ಒಮ್ಮೆ ಕಣ್ಣಾಡಿಸಿ. ಬಚ್ಚಲಿನ ಪಾಚಿ ಉಜ್ಜಿಸಿ, ಗೋಡೆಗೊಂದು ಹಿಡಿಕೆ ಹಾಕಿಸಿ. ರಾತ್ರಿ ಮೂತ್ರಕ್ಕೆ ಏಳುವ ದಾರಿಯಲ್ಲಿ ಸಣ್ಣ ದೀಪ ಉರಿಯಲಿ. ಬಾಗಿಲ ಬಳಿಯ ಮಡಿಸಿದ ಗೋಣಿಚೀಲವನ್ನು ಎತ್ತಿಡಿ. ಕಣ್ಣಿನ ಪೊರೆ ಬೆಳೆದಿದ್ದರೆ ಆಪರೇಶನ್ ಮುಂದೂಡಬೇಡಿ. ನಿದ್ರೆ ಮಾತ್ರೆ, ಬಿ.ಪಿ. ಮಾತ್ರೆ ತೆಗೆದುಕೊಳ್ಳುವ ಹಿರಿಯರು ಹಾಸಿಗೆಯಿಂದ ತಟ್ಟನೆ ಏಳದೆ, ಒಂದು ನಿಮಿಷ ಅಂಚಿನಲ್ಲಿ ಕೂತು, ತಲೆ ತಿರುಗುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಕಾಲೂರಲಿ.